ಪೆಟ್ಟಿಗೆ ಅಕ್ಕ ಎಂದಿತು

ನಂಟುಪೆಟ್ಟಿಗೆ ಮಾರಾಟಕ್ಕೆ ಬಂದು ಅದು ಮೂರನೆಯ ವರ್ಷ. ಅಂಗೈಯಗಲದ ಬಿಳಿ ಡಬ್ಬಿ, ಮೇಲೆ ಎರಡು ಗುಳಿ. ಒಬ್ಬೊಬ್ಬರು ಒಂದೊಂದು ಗುಳಿಗೆ ಉಗುಳು ಹಾಕಿ, ಹೆಸರು, ವಯಸ್ಸು ಹೇಳಿ ಮುಚ್ಚಳ ಮುಚ್ಚಿದರೆ ಸಾಕು. ನಲವತ್ತು ನಿಮಿಷದಲ್ಲಿ ಅದು ಇಬ್ಬರ ಡಿಎನ್‌ಎ ಓದಿ, ಯಾರು ಯಾರಿಗೆ ಏನಾಗಬೇಕು ಎಂದು ಕನ್ನಡದಲ್ಲಿ ಬಾಯಿಬಿಟ್ಟು ಹೇಳುತ್ತಿತ್ತು. ಮೊದಲು ಮನೆಯವರನ್ನು ಗುರುತು ಮಾಡಿಕೊಂಡು, ಆಮೇಲೆ ಬೇರೆ ಊರುಗಳ ಪೆಟ್ಟಿಗೆಗಳ ಜೊತೆ ತಾಳೆ ನೋಡಿ, ದೂರದ ನೆಂಟರನ್ನೂ ಹಿರೀಕರ ಊರನ್ನೂ ಹುಡುಕಿ ಕೊಡುತ್ತಿತ್ತು.

ಜನ ಅದನ್ನು ಬಹಳ ಬೇಗ ಮನೆಯೊಳಕ್ಕೆ ಬಿಟ್ಟುಕೊಂಡರು. ನಾಮಕರಣದ ದಿನ ತೊಟ್ಟಿಲ ಪಕ್ಕ ಪೆಟ್ಟಿಗೆಯನ್ನೂ ಇಡತೊಡಗಿದರು. ಛತ್ರಗಳಲ್ಲಿ ಊಟಕ್ಕೆ ಕಾಯುವ ಹೊತ್ತಿನಲ್ಲಿ ಅಪರಿಚಿತರಿಬ್ಬರು ಉಗುಳು ಹಾಕಿ, "ನೋಡಿದ್ರಾ, ನಾನು ನಿಮಗೆ ದಾಯಾದಿ, ಜಗಳ ಆಡೋಕೆ ಹಕ್ಕೈತೆ" ಎಂದು ನಗುತ್ತಿದ್ದರು. ಹರಿಹರದ ಒಬ್ಬ ಮುದುಕರು ಐವತ್ತು ವರ್ಷದ ಹಿಂದೆ ಮನೆಬಿಟ್ಟು ಹೋದ ತಮ್ಮನನ್ನು ಇದರಿಂದಲೇ ಪತ್ತೆ ಮಾಡಿ, ನಮ್ಮ ಕಚೇರಿಗೆ ಒಂದು ಬುಟ್ಟಿ ಸೀತಾಫಲ ಕಳಿಸಿದ್ದರು.

ಪೆಟ್ಟಿಗೆಗೆ ಆ ಪದಗಳನ್ನು ಕೊಟ್ಟವಳು ನಾನು. ಹಗಲು ಕೆಲಸ ಮಾಡುತ್ತ ಸಂಜೆ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ, ಪರೀಕ್ಷಾಲಯದಲ್ಲಿ ನಳಿಕೆ ತೊಳೆಯುವ ಕೆಲಸಕ್ಕೆ ಸೇರಿದ್ದೆ. ಹೊರದೇಶದಿಂದ ಬಂದ ಮೂಲ ಯಂತ್ರಕ್ಕೆ ಹದಿನೇಳೇ ಸಂಬಂಧ ಗೊತ್ತಿತ್ತು. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲ ಅದಕ್ಕೆ ಒಂದೇ. ಇದು ನಮ್ಮಲ್ಲಿ ನಡೆಯುವುದಿಲ್ಲ ಎಂದು ಹೆದರುತ್ತಲೇ ಒಂದು ಚೀಟಿ ಬರೆದು ಮುಖ್ಯಸ್ಥೆ ಶೆಣೈ ಮೇಡಂ ಮೇಜಿನ ಮೇಲಿಟ್ಟೆ. ಮರುದಿನ ಅವರು ನನ್ನನ್ನು ಕರೆದು, "ಹಾಗಾದರೆ ಪಟ್ಟಿ ನೀನೇ ಮಾಡು ಪಂಕಜಾ" ಎಂದರು. ಒಂದೂವರೆ ವರ್ಷ ಕೂತು ಅರವತ್ತೊಂದು ಪದಗಳ ಪಟ್ಟಿ ಮಾಡಿದೆ. ಪ್ರತಿ ಪದದ ಮುಂದೆ, ಡಿಎನ್‌ಎ ಎಷ್ಟು ಹೊಂದಿದರೆ, ವಯಸ್ಸಿನ ಅಂತರ ಎಷ್ಟಿದ್ದರೆ ಅದನ್ನು ಹೇಳಬೇಕು ಎಂಬ ನಿಯಮ. ಅನುಮಾನ ಇದ್ದ ಕಡೆ 'ಇರಬಹುದು' ಎಂದು ಸೇರಿಸಿದ್ದೆ. ಮೇಡಂ ಅದನ್ನೆಲ್ಲ ತೆಗೆಸಿದರು.

"ಪೆಟ್ಟಿಗೆ ಒಂದೇ ಮಾತು ಹೇಳಬೇಕು. 'ಇರಬಹುದು' ಅನ್ನೋ ಡಬ್ಬಿ ಯಾರಿಗೆ ಬೇಕು?"

ಅವರು ಹೇಳಿದ್ದು ನನಗೆ ಸರಿ ಎನಿಸಿತು. ಆಗೆಲ್ಲ ಅವರು ಹೇಳಿದ್ದು ನನಗೆ ಸರಿಯೇ ಎನಿಸುತ್ತಿತ್ತು.

ನಾನೂ ಅಮ್ಮನೂ ದೊಡ್ಡಬಳ್ಳಾಪುರದಲ್ಲಿ, ಸುತ್ತಲೂ ವಿದ್ಯುತ್ ಮಗ್ಗಗಳಿರುವ ಬೀದಿಯಲ್ಲಿ ಇದ್ದೆವು. ನಮ್ಮದು ನೇಯುವವರ ಮನೆತನ. ಅಪ್ಪ ತೀರಿಕೊಂಡ ಮೇಲೆ ನಮ್ಮ ಎರಡು ಮಗ್ಗ ಕೊಟ್ಟುಬಿಟ್ಟೆವು. ಅಮ್ಮ ಮಾತ್ರ ಪಕ್ಕದ ಮನೆಯವರಿಗೆ ಮಗ್ಗದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಡುವುದನ್ನು ಬಿಡಲಿಲ್ಲ. ಅಪ್ಪ ಅಮ್ಮನಿಗೆ ಸೋದರಮಾವ, ಅಜ್ಜಿಯ ಕೊನೆಯ ತಮ್ಮ. ಕಟ್ಟಿಕೊಂಡ ಮೇಲೂ, ಅಪ್ಪ ಸಾಯುವ ದಿನದವರೆಗೂ ಅಮ್ಮ ಅವರನ್ನು 'ಮಾವ' ಎಂದೇ ಕರೆದಳು. ಅಜ್ಜಿಯೂ ತನ್ನ ಸೋದರಮಾವನನ್ನೇ ಮದುವೆಯಾದವಳು.

ಒಂದು ದಿನ ಅಮ್ಮ ತಾನಾಗಿಯೇ ಕೇಳಿದಳು. "ನಮ್ಮೋರು ಗದ್ವಾಲ ಕಡೆಯಿಂದ ಬಂದೋರು ಅಂತಿದ್ರು ನಮ್ಮಜ್ಜಿ. ನಿನ್ ಡಬ್ಬ ಹೇಳ್ತದಾ?"

ಮೆಡಿಕಲ್ ಸ್ಟೋರಿನಲ್ಲಿ ಎರಡು ತರಹದ ಕಿಟ್ ಇದ್ದವು. ಅಂಗಡಿಯ ಫಣೀಂದ್ರ ಎರಡನ್ನೂ ಗಾಜಿನ ಮೇಲಿಟ್ಟ.

"ಇದು ಬರೀ ಅಂಕಿ ತೋರಿಸ್ತದೆ ಅಮ್ಮಾವ್ರೇ, ಇಷ್ಟು ಪರ್ಸೆಂಟು ಅಷ್ಟು ಪರ್ಸೆಂಟು ಅಂತ. ಅರ್ಥ ನೀವೇ ಮಾಡ್ಕೋಬೇಕು. ಇನ್ನೊಂದು ಬಾಯಿಬಿಟ್ಟು ಹೇಳ್ತದೆ."

"ಪರ್ಸೆಂಟ್ ತಗೊಂಡು ನಾನೇನು ಎಸ್ಸೆಸ್ಸೆಲ್ಸಿ ಪಾಸಾಗ್ಬೇಕಾ? ಮಾತಾಡೋದೇ ಕೊಡಪ್ಪ. ಅದುಕ್ಕೆ ಮಾತು ಕಲಿಸಿರೋಳು ನನ್ ಮಗಳು, ಗೊತ್ತಾ ನಿಂಗೆ?"

ಅಂಗಡಿಯಲ್ಲಿದ್ದವರು ತಿರುಗಿ ನನ್ನನ್ನು ನೋಡಿದರು. ನನಗೆ ನಾಚಿಕೆಯಾಯಿತು, ಸುಖವೂ ಆಯಿತು.

ಭಾನುವಾರ ಊಟವಾದ ಮೇಲೆ ಇಬ್ಬರೂ ಉಗುಳು ಹಾಕಿ ಕಾದೆವು. ಅಮ್ಮ ನೂಲು ಸುತ್ತುತ್ತ, "ಡಬ್ಬ ಗದ್ವಾಲ ಅಂತ ಹೇಳಿದ್ರೆ ಒಂದು ಸೀರೆ ತರೋಣ ಅಲ್ಲಿಂದ" ಎಂದಳು. ಪೆಟ್ಟಿಗೆ ಕಿಣಿಕಿಣಿ ಎಂದು, ನಾವು ಧ್ವನಿ ಕೊಡಿಸಿದ್ದ ಹೆಂಗಸಿನ ಮೆತ್ತನೆಯ ದನಿಯಲ್ಲಿ ಹೇಳಿತು:

"ವಿಶಾಲಾಕ್ಷಿ ಅವರು ಪಂಕಜಾ ಅವರಿಗೆ ಅಕ್ಕ. ಇಬ್ಬರೂ ಒಡಹುಟ್ಟಿದವರು."

ಅಮ್ಮ ಪಕಪಕ ನಕ್ಕುಬಿಟ್ಟಳು. "ಅಯ್ಯೋ ನಿನ್ ಡಬ್ಬಕ್ಕೆ ಬೆಂಕಿ ಬೀಳ! ನಾನು ನಿಂಗೆ ಅಕ್ಕ ಅನ್ನೋ ಅಷ್ಟು ಸಣ್ಣ ಹುಡುಗಿ ಥರ ಕಾಣ್ತೀನೇನೆ?" ನಗುತ್ತಲೇ ನನ್ನ ಮುಖ ನೋಡಿದಳು.

ನಾನು ನಗಲಿಲ್ಲ. ನಾನು ಪೆಟ್ಟಿಗೆಯನ್ನು ನೋಡುತ್ತಿದ್ದೆ.

ಅಮ್ಮನ ನಗು ನಿಧಾನವಾಗಿ ನಿಂತಿತು. "ತಪ್ಪು ಹೇಳ್ತದಾ ಇದು?"

ಆಗ ಬೇರೆ ಏನಾದರೂ ಹೇಳಬಹುದಿತ್ತು. ಆದರೆ ನನ್ನ ಕೆಲಸದ ಬಗ್ಗೆ ಯಾರು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದು ನಾನು ಅಭ್ಯಾಸ ಮಾಡಿಕೊಂಡಿದ್ದೆ. "ಹತ್ತು ಸಾವಿರ ಸಲ ಪರೀಕ್ಷೆ ಮಾಡಿದೀವಿ ಅಮ್ಮ. ಒಡಹುಟ್ಟಿನ ವಿಷಯದಲ್ಲಿ ಒಂದು ಸಲವೂ ತಪ್ಪಿಲ್ಲ."

ಬೇರೆ ಮನೆಯಾಗಿದ್ದರೆ ಈ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತೇನೋ. ನಮ್ಮ ಮನೆಯಲ್ಲಿ ಅದಕ್ಕೆ ಕೂರಲು ಒಂದು ಜಾಗವಿತ್ತು. ಅಮ್ಮ ಹದಿನಾರು ವರ್ಷಕ್ಕೆ ನನ್ನನ್ನು ಹೆತ್ತಳು. ಅದೇ ವಾರ ಅದೇ ಮನೆಯಲ್ಲಿ ಅಜ್ಜಿಯೂ ಹೆತ್ತಳು. ತಾಯಿ ಮಗಳು ಒಟ್ಟಿಗೆ ಬಸುರಾಗುವುದು ಆಗ ಯಾರಿಗೂ ಸೋಜಿಗವಾಗಿರಲಿಲ್ಲ. ಹೆರಿಗೆಯಲ್ಲಿ ಅಮ್ಮನಿಗೆ ಫಿಟ್ಸ್ ಬಂದು ಎರಡು ದಿನ ಎಚ್ಚರವಿರಲಿಲ್ಲ. ಎಚ್ಚರವಾದಾಗ ಅಜ್ಜಿ ಮಗ್ಗುಲಲ್ಲಿ ಕೂತು ಹೆಣ್ಣುಮಗುವನ್ನು ಅವಳ ಎದೆಗಿಟ್ಟು, "ನಂದು ಗಂಡಾಗಿತ್ತು ಕಣೆ, ಉಳೀಲಿಲ್ಲ" ಎಂದಿದ್ದಳು. ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಅದರಲ್ಲಿ ಎರಡು ದಿನ ಖಾಲಿ ಇದೆ ಎಂದು ಯಾವತ್ತೂ ಅನ್ನಿಸಿರಲಿಲ್ಲ.

ಈಗ ಕೇಳಲು ಅಜ್ಜಿ ಇರಲಿಲ್ಲ, ತಾತ ಇರಲಿಲ್ಲ, ಅಪ್ಪನೂ ಇರಲಿಲ್ಲ.

ಅಮ್ಮ ನೂಲಿನ ರಾಟೆಯನ್ನು ಸರಿಸಿಟ್ಟು, "ಹಂಗಾದ್ರೆ ಹೋಗಿದ್ದು ನಂದು" ಎಂದಳು.

ಮರುದಿನ ಇಬ್ಬರ ಉಗುಳನ್ನೂ ಹೊಸದಾಗಿ ನಳಿಕೆಯಲ್ಲಿ ತುಂಬಿ ಪರೀಕ್ಷಾಲಯಕ್ಕೆ ಒಯ್ದೆ. ಅಲ್ಲಿಯ ದೊಡ್ಡ ಪರದೆಯ ಮೇಲೆ ರಾಜ್ಯದ ಪೆಟ್ಟಿಗೆಗಳೆಲ್ಲ ಹಸಿರು ಚುಕ್ಕಿಗಳಾಗಿ ಮಿನುಗುತ್ತವೆ; ಪ್ರತಿ ಚುಕ್ಕಿಯೂ ಯಾರೋ ಯಾರಿಗೋ ಏನೋ ಆಗುತ್ತಿರುವ ಗುರುತು. ನಾನು ಒಂದು ಹೊಸ ಪೆಟ್ಟಿಗೆ ತೆಗೆದು ನಳಿಕೆ ಸುರಿದೆ. ನಲವತ್ತು ನಿಮಿಷದ ಮೇಲೆ ಅದೇ ದನಿ, ಅದೇ ಮಾತು. ಉಳಿದ ಉಗುಳನ್ನು ಶೀತಕಪಾಟಿನಲ್ಲಿಟ್ಟು ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಎರಡು ಪೆಟ್ಟಿಗೆಗಳ ಬಾಯಲ್ಲೂ ಇದ್ದದ್ದು ನನ್ನದೊಂದೇ ಪಟ್ಟಿ ಎಂಬುದು ನನಗೆ ಹೊಳೆಯಲಿಲ್ಲ. ಒಬ್ಬರನ್ನೇ ಎರಡು ಸಲ ಕೇಳಿ, ಇಬ್ಬರು ಸಾಕ್ಷಿ ಸಿಕ್ಕರು ಎಂದುಕೊಂಡ ಹಾಗಾಗಿತ್ತು.

ಅಮ್ಮ ಅಳಲಿಲ್ಲ. "ಅಮ್ಮ ಅನ್ನಿಸ್ಕೊಂಡೋಳು ನಂಗೆ ಹೇಳ್ದೇನೇ ಹೋದ್ಳು" ಎಂದಳು ಅಷ್ಟೆ. ಅಜ್ಜಿಯ ಮೇಲಿನ ಆ ಸಿಟ್ಟೂ ಬಹಳ ದಿನ ಉಳಿಯಲಿಲ್ಲ. "ಪಾಪ, ತನ್ನ ಮಗೂನ ನಂಗೆ ಕೊಟ್ಟು, ನನ್ನ ಮಗೂನ ತಾನು ಮಣ್ಣು ಮಾಡಿ, ನನ್ನ ಎದುರಿಗೆ ನಗ್ತಾ ಓಡಾಡಿದಳಲ್ಲ" ಎಂದು ಒಂದು ದಿನ ತನಗೆ ತಾನೇ ಹೇಳಿಕೊಂಡಳು.

ನಾನು ಅವಳನ್ನು ಅಮ್ಮ ಎಂದು ಕರೆಯುವುದನ್ನು ಬಿಡಲಿಲ್ಲ. ಅವಳೂ ಓಗೊಡುವುದನ್ನು ಬಿಡಲಿಲ್ಲ. ಆದರೆ ನನ್ನನ್ನು ಬೈಯುವುದನ್ನು ನಿಲ್ಲಿಸಿದಳು. ಮೂವತ್ತೆಂಟು ವರ್ಷ, ತಲೆ ಒರೆಸಿಕೊಂಡಿಲ್ಲ, ಊಟ ಬಿಟ್ಟೆ, ಗಂಡು ನೋಡಲು ಬಂದರೆ ಮುಖ ಗಂಟಿಕ್ಕಿದೆ ಎಂದು ಒಂದು ದಿನ ತಪ್ಪದೆ ಬೈಸಿಕೊಂಡವಳು ನಾನು. ಈಗ ರಾತ್ರಿ ತಡವಾಗಿ ಬಂದರೆ, "ಕೆಲಸ ಜಾಸ್ತಿ ಇತ್ತೇನೋ ಅಲ್ವಾ" ಎಂದು ತಟ್ಟೆ ಹಾಕುತ್ತಿದ್ದಳು. ನನ್ನ ಬಟ್ಟೆ ಕಪಾಟು ತೆರೆಯುವ ಮುಂಚೆ, "ತೆಗೀಲಾ?" ಎಂದು ಕೇಳುತ್ತಿದ್ದಳು. ಅವಳ ಆ ಮರ್ಯಾದೆಯನ್ನು ತಡೆದುಕೊಳ್ಳಲಾಗದೆ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ.

ಅವಳು ಸತ್ತ ಮಗುವಿಗೆ ಹೆಸರಿಟ್ಟಳು. ಲೋಕೇಶ. ಊರಾಚೆಯ ರುದ್ರಭೂಮಿಯಲ್ಲಿ ಮಕ್ಕಳನ್ನು ಹೂಳುವ ಮೂಲೆಗೆ ವಾರಕ್ಕೊಮ್ಮೆ ಹೋಗಿಬರತೊಡಗಿದಳು. ಗುರುತಿನ ಕಲ್ಲಿಲ್ಲದ ಜಾಗ, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಮಾರ್ನಮಿ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಟ್ಟಾಗ ಪಕ್ಕದಲ್ಲಿ ಇನ್ನೊಂದು ಚಿಕ್ಕ ಎಲೆ ಹಾಕಿ, ಹಾಲಿನಲ್ಲಿ ಕಿವುಚಿದ ಅನ್ನ ಇಟ್ಟಳು. ಬದುಕಿದ್ದರೆ ಅವನಿಗೆ ನನ್ನಷ್ಟೇ ವಯಸ್ಸು.

ಎಂಟು ತಿಂಗಳು ಹೀಗೆ ನಡೆಯಿತು.

ಒಂದು ಬೆಳಿಗ್ಗೆ ಕಚೇರಿಯ ದೂರು ವಿಭಾಗದವರು ಒಂದು ಕರೆಯನ್ನು ನನ್ನ ಮೇಜಿಗೆ ದಾಟಿಸಿದರು. ಚಳ್ಳಕೆರೆಯ ಕಡೆಯ ಹೆಂಗಸು. ಫೋನನ್ನು ಕಿವಿಯಿಂದ ಅರ್ಧ ಅಡಿ ದೂರ ಹಿಡಿಯಬೇಕಾಯಿತು.

"ಅಲ್ಲ ಕಣ್ರೀ, ನನ್ ಮಗಳಿಗೆ ನಾನು ಅಕ್ಕ ಅಂತೈತಲ್ಲ ನಿಮ್ ಡಬ್ಬ, ಅದ್ರ ಬಾಯಿಗೆ ಮಣ್ಣು ಹಾಕ! ಆಸ್ಪತ್ರೇಲಿ ಹೊಟ್ಟೆ ಕುಯ್ದು ತೆಗ್ದವ್ರೆ. ನಮ್ ಯಜಮಾನ್ರು ಎಲ್ಲಾ ಮೊಬೈಲ್‌ನಾಗೆ ಹಿಡ್ದವ್ರೆ. ಕಳಿಸ್ಲಾ, ನೋಡ್ತೀರಾ?"

"ಬೇಡಮ್ಮ, ನಂಬ್ತೀನಿ. ನಿಮ್ಮ ವಯಸ್ಸು, ಮಗಳ ವಯಸ್ಸು ಹೇಳಿ."

"ನಂಗೆ ಮೂವತ್ತೊಂಬತ್ತು. ಅವಳಿಗೆ ಇಪ್ಪತ್ತು. ನಮ್ಮತ್ತೆ ಆವತ್ತಿಂದ 'ತಂಗಿಗೆ ಊಟ ಇಕ್ಕಿದೇನೆ' ಅಂತ ಆಡ್ಕೊಂಡು ನಗ್ತಾಳೆ. ಅತ್ತೆ ಅಂದ್ರೆ ಅವಳು ನನ್ ಸ್ವಂತ ಅಜ್ಜಿ ಬೇರೆ, ಏನ್ ಹೇಳಾಕಾಗ್ತೈತೆ?"

ನನ್ನ ಕೈಯ ಪೆನ್ನು ನಿಂತಿತು. "ಸ್ವಂತ ಅಜ್ಜಿ ಅಂದರೆ..."

"ನಾನು ಕಟ್ಕಂಡಿರೋದು ನಮ್ಮಮ್ಮನ ತಮ್ಮನ್ನ. ಸೋದರಮಾವ. ನಮ್ಮಮ್ಮಂದೂ ಹಂಗೇ ಆಗಿದ್ದು. ಯಾಕ್ರೀ, ಅದೂ ತಪ್ಪಾ ಈಗ?"

ತಪ್ಪಲ್ಲ ಎಂದು ಹೇಳಿ ಫೋನಿಟ್ಟೆ. ಆಮೇಲೆ ಹಾಳೆಯ ಮೇಲೆ ತಾಯಿಗೆ ಎರಡು ಗೆರೆ, ಮಗಳಿಗೆ ಎರಡು ಗೆರೆ ಎಳೆದೆ.

ನಮ್ಮೊಳಗೆ ಪ್ರತಿಯೊಬ್ಬರಿಗೂ ಎರಡೆರಡು ಎಳೆ ಇರುತ್ತವೆ: ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ತಾಯಿಯನ್ನೂ ಮಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಉದ್ದಕ್ಕೂ ಒಂದು ಎಳೆ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ಅಕ್ಕತಂಗಿಯರಲ್ಲಿ ಹಾಗಲ್ಲ, ಸುಮಾರು ಕಾಲುಭಾಗದಲ್ಲಿ ಎರಡೂ ಎಳೆ ಹೊಂದುತ್ತವೆ, ಇನ್ನೊಂದು ಕಾಲುಭಾಗದಲ್ಲಿ ಒಂದೂ ಹೊಂದುವುದಿಲ್ಲ. ನನ್ನ ಪಟ್ಟಿಯ ನಿಯಮ ಮೊದಲು ನೋಡುತ್ತಿದ್ದುದು ಎರಡೂ ಹೊಂದುವ ಭಾಗವನ್ನು. ಪೆಟ್ಟಿಗೆಯೊಳಗಿನ ಅಗ್ಗದ ಚಿಪ್ ಅಲ್ಲಲ್ಲಿ ಓದದೆ ಬಿಡುವುದರಿಂದ ಅಂಥ ಭಾಗ ಆರರಲ್ಲಿ ಒಂದು ಪಾಲು ದಾಟಿ, ವಯಸ್ಸಿನ ಅಂತರ ಇಪ್ಪತ್ತೆರಡಕ್ಕಿಂತ ಕಡಿಮೆ ಇದ್ದರೆ 'ಒಡಹುಟ್ಟು' ಎಂದು ಬರೆದಿದ್ದೆ. ಒಂದೂ ಹೊಂದದ ಭಾಗವನ್ನು ಅದು ನೋಡುತ್ತಲೇ ಇರಲಿಲ್ಲ. ಆದರೆ ತಂದೆಯೇ ತಾಯಿಗೆ ಸೋದರಮಾವನಾಗಿದ್ದು, ಎರಡು ಮೂರು ತಲೆಮಾರು ಹಾಗೇ ನಡೆದಿದ್ದರೆ, ತಂದೆಯಿಂದ ಬಂದ ಎಳೆಯೂ ಎಷ್ಟೋ ಕಡೆ ತಾಯಿಯಲ್ಲಿ ಆಗಲೇ ಇರುತ್ತದೆ. ಅಲ್ಲೆಲ್ಲ ಎರಡೂ ಹೊಂದುತ್ತವೆ. ಪೆಟ್ಟಿಗೆ ಅಮ್ಮನನ್ನು ಅಕ್ಕ ಎನ್ನುತ್ತದೆ.

ಶೀತಕಪಾಟಿನಿಂದ ನಮ್ಮ ನಳಿಕೆಗಳನ್ನು ತೆಗೆದು ಪರೀಕ್ಷಾಲಯದ ದೊಡ್ಡ ಯಂತ್ರಕ್ಕೆ ಹಾಕಿದೆ. ಅದು ಏನನ್ನೂ ಬಿಡದೆ ಓದುತ್ತದೆ. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಒಂದೂ ಹೊಂದದ ಜಾಗ ಎಲ್ಲಾದರೂ ಇದೆಯೇ ಎಂದು ಬೆರಳಿಟ್ಟು ಹುಡುಕಿದೆ. ತುದಿಯಿಂದ ತುದಿಯವರೆಗೆ ಇರಲಿಲ್ಲ. ನಾನು ಅವಳ ಮಗಳು.

ಕಾಗದ ಹಿಡಿದುಕೊಂಡು ಮೇಡಂ ಕೋಣೆಗೆ ಹೋದೆ. ಅವರು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದಿಟ್ಟರು.

"ಇದಕ್ಕೆ ಒಂದೇ ಪ್ರಶ್ನೆ ಸಾಕಾಗಿತ್ತು. 'ತಂದೆತಾಯಿ ಮದುವೆಗೆ ಮುಂಚೆಯೇ ಸಂಬಂಧಿಕರೇ?' ಮೊದಲ ಕರಡಿನಲ್ಲಿ ಇತ್ತಲ್ಲ ಅದು. ಯಾರು ತೆಗೆದಿದ್ದು?"

"ನಾನು ಮೇಡಂ."

"ಯಾಕೆ?"

ಜನರಿಗೆ ಬೇಸರವಾದೀತು ಎಂದು, ಎಂದೆ. ಆಗ ಕರಡಿನ ಅಂಚಿನಲ್ಲಿ ಬರೆದಿದ್ದ ಕಾರಣವೂ ಅದೇ. ನಿಜ ಬೇರೆ ಇತ್ತು. ಸಂಜೆ ಕಾಲೇಜಿನಲ್ಲಿ ಒಂದು ದಿನ ಮೇಷ್ಟ್ರು ಬೋರ್ಡಿನ ಮೇಲೆ ಇಂಥ ಮದುವೆಯ ಚಿತ್ರ ಬರೆದು, ಹುಟ್ಟುವ ಮಕ್ಕಳು ಹೇಗಿರುತ್ತವೆ ಎಂದು ಕೈಕಾಲು ಸೊಟ್ಟ ಮಾಡಿ ತೋರಿಸಿದರು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಅವತ್ತಿನಿಂದ ಅಪ್ಪ ಅಮ್ಮನಿಗೆ ಏನಾಗಬೇಕು ಎಂದು ಯಾರಿಗೂ ಹೇಳಿರಲಿಲ್ಲ. ಪಟ್ಟಿ ಮಾಡುವಾಗ ಆ ಪ್ರಶ್ನೆ ಕಣ್ಣಿಗೆ ಬಿದ್ದಾಗಲೆಲ್ಲ ಆ ತರಗತಿ ನನ್ನ ಕಡೆ ತಿರುಗಿದ ಹಾಗಾಗುತ್ತಿತ್ತು. ಅಳಿಸಿಬಿಟ್ಟೆ.

ಇದೇ ಲೆಕ್ಕಕ್ಕೆ ಬೀಳುವ ಇನ್ನೂರ ಹದಿನಾಲ್ಕು ಮನೆಗಳು ಪರದೆಯ ಮೇಲೆ ಸಿಕ್ಕವು. ಹೊಸ ನಿಯಮವನ್ನು ಪೆಟ್ಟಿಗೆಗಳಿಗೆ ಕಳಿಸಿದರೆ ಸಾಕು ಎಂದರು ಯಾರೋ. ಒಂದೊಂದು ಮನೆಗೂ ಫೋನ್ ಮಾಡಲೇಬೇಕು ಎಂದೆ; ಅಷ್ಟು ಗಟ್ಟಿಯಾಗಿ ನಾನು ಆ ಕೋಣೆಯಲ್ಲಿ ಹಿಂದೆ ಮಾತಾಡಿರಲಿಲ್ಲ. ಮೇಡಂ ಒಪ್ಪಿದರು. "ಇವತ್ತಿನಿಂದಲೇ ಶುರು ಮಾಡಿಸ್ತೀನಿ. ನೀನು ಮನೆಗೆ ಹೋಗು" ಎಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಮನೆ ತಲುಪಿದಾಗ ಅಮ್ಮ ಪಡಸಾಲೆಯಲ್ಲಿ ನೂಲು ಸುತ್ತುತ್ತಿದ್ದಳು. ಅವಳ ಮುಂದೆ ಕೂತು, ಕಾಗದ ಬಿಡಿಸಿ, ಎಲ್ಲವನ್ನೂ ಹೇಳಿದೆ. ನೂಲಿನ ಮನೆಯವಳಾದ್ದರಿಂದ ಎಳೆಗಳ ವಿಷಯ ಅವಳಿಗೆ ನನಗಿಂತ ಬೇಗ ಅರ್ಥವಾಯಿತು.

"ಮಾವನ ಎಳೆ, ನನ್ನ ಎಳೆ, ಎರಡೂ ಒಂದೇ ನೂಲಿನ ಲಡಿದು. ಅದ್ನ ನಿನ್ ಡಬ್ಬ ಗುರುತು ಹಿಡೀಲಿಲ್ಲ."

"ಹೌದಮ್ಮ. ನಾನು ಹಿಡೀಲಿಲ್ಲ. ನಾನು ನಿನ್ನ ಮಗಳೇ. ನೂರಕ್ಕೆ ನೂರು."

ಅವಳು ರಾಟೆಯನ್ನು ನಿಲ್ಲಿಸಲಿಲ್ಲ. "ಅದು ನಂಗೆ ಆವತ್ತೂ ಗೊತ್ತಿತ್ತು" ಎಂದಳು. "ಡಬ್ಬ ಅಂದಾಗ ನಗು ಬಂತು ನಂಗೆ. ಆಮೇಲೆ ನಿನ್ ಮುಖ ನೋಡ್ದೆ. ನೀನು ನಗ್ಲಿಲ್ಲ. ನನ್ ಕಡೆ ನೋಡ್ಲೂ ಇಲ್ಲ. ಓದಿದೋಳು, ಇವಳೇ ನಂಬಿದ್ಮೇಲೆ ನಂದೇನು ಅಂದ್ಕಂಡೆ."

ನಾನು ಅವಳ ಮಂಡಿಯ ಮೇಲೆ ಕೈಯಿಟ್ಟೆ. ತಪ್ಪಾಯಿತು ಎಂದೆ. ಕಂಡಿಕೆ ತುಂಬಿತು, ಅವಳು ಅದನ್ನು ತೆಗೆದು ಬುಟ್ಟಿಗೆ ಹಾಕಿದಳು, ಇನ್ನೊಂದನ್ನು ಸಿಕ್ಕಿಸಲಿಲ್ಲ.

"ಹಂಗಾದ್ರೆ ಲೋಕೇಶ?"

ಬಸ್ಸಿನಲ್ಲಿ ಜೋಡಿಸಿದ ಮಾತುಗಳಲ್ಲಿ ಲೋಕೇಶ ಇರಲಿಲ್ಲ.

"ಅವನು ಅಜ್ಜಿ ಮಗ ಅಮ್ಮ. ನಿನ್ನ ತಮ್ಮ."

"ತಮ್ಮ" ಎಂದು ಅವಳು ಬಾಯಲ್ಲಿ ಹೇಳಿ ನೋಡಿದಳು. "ಮೂವತ್ತೆಂಟು ವರ್ಷ ತಮ್ಮ ಅಂತ ಒಂದು ದಿನಾನೂ ನೆನೆಸ್ಲಿಲ್ಲ ನಾನು. ಹುಟ್ಟಿತ್ತು, ಹೋಯ್ತು ಅಷ್ಟೇ. ಮಗ ಅಂದ್ಮೇಲೆ ಬಂದ ಕಣೆ ಅವನು. ಎಂಟು ತಿಂಗಳಾಯ್ತು. ನಂಗೆ ಹಾಲು ಕಟ್ಟಿದಂಗೆ ಆಗ್ತದೆ ಒಂದೊಂದು ದಿನ, ನಗಬೇಡ. ಈಗ ಅವನನ್ನೂ ಕಿತ್ಕೊಂತೀಯಾ? ಅವನಿಗೆ ಬೇರೆ ಯಾರವ್ರೆ?"

ಅವಳ ಕಣ್ಣಲ್ಲಿ ನೀರಿರಲಿಲ್ಲ. ಮುಖ ಮಾತ್ರ, ಎಲ್ಲೋ ಒಳಗೆ ಬಾಗಿಲು ಹಾಕಿಕೊಳ್ಳುತ್ತಿರುವವರ ಹಾಗಿತ್ತು. ಮೊದಲ ಸಲ ನಾನು ಒಂದು ಮಾತು ಹೇಳಿ ಅವಳಿಂದ ಮಗಳನ್ನು ತೆಗೆದಿದ್ದೆ. ಈಗ ಸರಿಯಾದ ಮಾತೇ ಹೇಳಿ ಮಗನನ್ನು ತೆಗೆಯುತ್ತಿದ್ದೆ.

"ಅಮ್ಮ" ಎಂದೆ. "ಪರೀಕ್ಷೆ ಮಾಡಿರೋದು ನಿನ್ನ, ನನ್ನ ಮಾತ್ರ. ಅವನದು ಯಾರೂ ಮಾಡಿಲ್ಲ."

"ಅಂದ್ರೆ?"

"ಅಂದ್ರೆ... ಅವಳಿ ಇದ್ದಿರಬಹುದು. ನಾನು, ಅವನು. ಅಜ್ಜಿದು ಬೇರೆ ಏನೋ ಆಗಿರಬಹುದು. ನಿನಗೆ ಎಚ್ಚರ ಇರಲಿಲ್ಲವಲ್ಲ. ಅವನೂ ನಿನ್ನ ಮಗ ಆಗಿರಬಹುದು."

ಅಮ್ಮ ನನ್ನ ಮುಖವನ್ನೇ ನೋಡಿದಳು. ಈ ಸಲ ನಾನು ಬೇರೆ ಎಲ್ಲೂ ನೋಡಲಿಲ್ಲ.

"ಸುಳ್ಳು ಹೇಳ್ತಿದೀಯ" ಎಂದಳು.

"ಹೂಂ ಅಮ್ಮ."

ಪಕ್ಕದ ಮನೆಯ ಮಗ್ಗಗಳು ಓಡುತ್ತಲೇ ಇದ್ದವು. ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡು, ನಾಲ್ಕು ಮಡಿಕೆ ಮಡಿಸಿ, ಮಂಡಿಯ ಕೆಳಗೆ ಇಟ್ಟುಕೊಂಡಳು. ನನ್ನ ಹತ್ತಿರಕ್ಕೆ ಬಾಗಿದಳು.

"ಇನ್ನೊಂದು ಸಲ ಹೇಳು."

ಹೇಳಿದೆ.